ಪೂರ್ವಕ್ಕೆ ಬಾಗಿಲಿನ ಮನೆಯೂ ನಾಲ್ಕು ತಾಲೂಕಿನ ಏಜಂಟರೂ

ಮನೆ ಕೊಳ್ಳಲು ಹೊರಟವನಿಗೆ ಮನೆ ಸಿಗುವುದು ತಡವಾಗಬಹುದು, ನಗುವ ಪ್ರಸಂಗ ಮಾತ್ರ ದಿನಕ್ಕೊಂದು ಸಿಗುತ್ತದೆ.

ಇಂಡಿ ಪಟ್ಟಣದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲಕರು ಪಕ್ಕದ ಮನೆಯಲ್ಲೇ ಇರುತ್ತಾರೆ. ಒಂದು ಬೆಳಿಗ್ಗೆ ಬಂದು, "ಕಾಕಾರ, ಮಗಳು ಅಳಿಯ ಬಂದು ಇರೋರದಾರ. ತುಳಸಿ ಲಗ್ನದೊಳಗ ಮನಿ ಖಾಲಿ ಮಾಡಿಕೊಡ್ರಿ" ಅಂದರು. ನಮಗೆ ಅದು ಐದನೆಯ ಬಾಡಿಗೆ ಮನೆ. ನಮ್ಮ ಮನೆಯವಳು, "ಇನ್ನೊಮ್ಮೆ ದೇವರನ್ನ ಒಯ್ದು ಬಾಡಿಗಿ ಮನ್ಯಾಗ ಕುಂಡ್ರಸೂದು ನನ್ನಿಂದ ಆಗೂದಿಲ್ಲ. ಪೂರ್ವಕ್ಕ ಬಾಗಲಾ, ಅಂಗಳದಾಗೊಂದು ತುಳಸಿಕಟ್ಟಿ. ಅಷ್ಟರದ ಸ್ವಂತ ಮನಿ ನೋಡ್ರಿ" ಅಂದಳು. ನಾನು ಸೊಸೈಟಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಕೈಯಲ್ಲಿ ಸ್ವಲ್ಪ ಗಂಟಿತ್ತು. ಒಬ್ಬ ಏಜಂಟನ ಹತ್ತಿರ ಹೋದೆ.

ಅವನು ಫೋನು ತೆಗೆದು ತೋರಿಸಿದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಏಜಂಟರೆಲ್ಲ ಒಂದೇ ಗ್ರೂಪಿನಲ್ಲಿದ್ದಾರೆ. ಮನೆ ಸಿಕ್ಕವನು ಮನೆ ಹಾಕುತ್ತಾನೆ, ಗಿರಾಕಿ ಸಿಕ್ಕವನು ಗಿರಾಕಿಯನ್ನು ತರುತ್ತಾನೆ, ದಲಾಲಿ ಇಬ್ಬರಿಗೂ ಸಮಪಾಲು. "ನನ್ನೊಬ್ಬನ್ನ ಹಿಡದ್ರ ನಾಲ್ಕ ತಾಲೂಕ ಹಿಡದಂಗರಿ. ಆದ್ರ ಕೊಳ್ಳೋ ಸುದ್ದಿ ಯಾರ ಮುಂದೂ ಆಡಬ್ಯಾಡ್ರಿ, ರೇಟ ಏರತೈತಿ. ನಾವೂ ಪಾರ್ಟಿ ಹೆಸರು ಗ್ರೂಪಿನಾಗ ಹಾಕೂದಿಲ್ಲ" ಅಂದ. ಹೆಸರು ಗೊತ್ತಾದರೆ ಕೊಡುವವರು, ಕೊಳ್ಳುವವರು ನೇರ ಮಾತಾಡಿಬಿಡುತ್ತಾರಲ್ಲ, ಆ ಭಯ. ನಾನು ಎಲ್ಲಿರುತ್ತೇನೆಂದು ಅವನು ಕೇಳಲಿಲ್ಲ. ಕೇಳಿದ್ದು ಎಷ್ಟು ಲಕ್ಷದವರೆಗೆ ಅಂತ ಮಾತ್ರ.

ಐದು ಏಜಂಟರು, ಐದು ಮನೆ

ಮೊದಲ ವಾರವೇ ಐದು ಮನೆ ಬಂದವು. ಒಂದು "ಸಾಲೋಟಗಿ ರಸ್ತೆಗೆ ಹೊಸ ಮನೆ", ಇನ್ನೊಂದು "ಶಾಂತ ವಾತಾವರಣ", ಮತ್ತೊಂದು "ಅರ್ಜಂಟ್ ಮಾರಾಟ". ದಿನಕ್ಕೊಬ್ಬ ಏಜಂಟ ಕರೆದುಕೊಂಡು ಹೋದ. ಎರಡನೆಯ ದಿನ ಓಣಿ ಎಲ್ಲೋ ನೋಡಿದಂತಾಯಿತು. ಮೂರನೆಯ ದಿನ ನಾಯಿ ಬೊಗಳುವುದನ್ನು ಬಿಟ್ಟು ಬಾಲ ಅಲ್ಲಾಡಿಸಿತು. ಐದೂ ಒಂದೇ ಮನೆ. ಒಬ್ಬ ಮುಂದಿನಿಂದ ಫೋಟೋ ಹೊಡೆದಿದ್ದ, ಒಬ್ಬ ಹಿತ್ತಲಿನಿಂದ, ಒಬ್ಬ ಪಕ್ಕದವರ ಮಾಳಿಗೆ ಹತ್ತಿ. ಬಾಗಿಲು ಐವರದ್ದೂ ದಕ್ಷಿಣಕ್ಕೇ ಇತ್ತು, ರೇಟು ಮಾತ್ರ ಐದು ಥರ.

ಐದನೆಯ ಸಲ ಚಹಾ ತಂದುಕೊಟ್ಟ ಆ ಮನೆಯ ಹೆಣ್ಣುಮಗಳು ಹೇಳಿದಳು: "ಕಾಕಾರ, ನಾಳೆ ಬರೂದಿದ್ರ ಹೇಳಿ ಹೋಗ್ರಿ, ನಿಮ್ಮದೊಂದು ಕಪ್ಪ ಬ್ಯಾರೇನ ತೆಗೆದಿಡ್ತೇನಿ."

ಬಾಗೇವಾಡಿಯ ಪೂರ್ವ ದಿಕ್ಕು

ಬಾಗೇವಾಡಿಯ ಮನೆಯ ಫೋಟೋದ ಕೆಳಗೆ ಬರೆದಿತ್ತು: ಪೂರ್ವ ಬಾಗಿಲು, ಇಪ್ಪತ್ನಾಲ್ಕು ತಾಸು ನೀರು. ಬಸ್ಸು ಹತ್ತಿ ಹೋದೆ. ಅಲ್ಲಿಯ ಏಜಂಟ ಮನೆಗೆ ಕರೆದೊಯ್ದ. ಇಳಿಹೊತ್ತಿನ ಬಿಸಿಲು ನೆಟ್ಟಗೆ ತಲೆಬಾಗಿಲಿಗೆ ಹೊಡೆಯುತ್ತಿತ್ತು.

"ತಮ್ಮಾ, ಸೂರ್ಯ ಈ ಕಡೆ ಮುಳಗಾಕತ್ತಾನಲ್ಲೋ" ಅಂದೆ.

"ಹಿತ್ತಲ ಬಾಗಲಾ ಪೂರ್ವಕ್ಕೈತ್ರಿ. ಅದನ್ನ ತಲಿಬಾಗಲಾ ಅಂತ ತಿಳ್ಕೋರಿ."

"ಅದರ ಎದುರಿಗೆ ಪಾಯಖಾನಿ ಐತಲ್ಲೋ."

"ದೂರ ಹೋಗೂದು ತಪ್ಪತೈತ್ರಿ."

ನೀರಿನದಾದರೂ ಖರೆಯೇ ಎಂದು ನಳ ತಿರುವಿದೆ. ಉಸಿರು ಸಹ ಬರಲಿಲ್ಲ. ಅವನು ಬೇಸರ ಮಾಡಿಕೊಳ್ಳದೆ ತಿಳಿಹೇಳಿದ: "ನಳಕ್ಕ ಎಂಟ ದಿನಕ್ಕೊಮ್ಮೆ ಬರತೈತ್ರಿ. ಬಂದದ್ದು ಟ್ಯಾಂಕಿನಾಗ ಇಪ್ಪತ್ನಾಲ್ಕು ತಾಸೂ ಇರತೈತಿ."

ಮುದ್ದೇಬಿಹಾಳದ ಹೋಳಿಗೆ

ಮುದ್ದೇಬಿಹಾಳದ ಏಜಂಟ ತೋರಿಸಿದ್ದು ಫೋಟೋದಲ್ಲಿದ್ದಂತೆಯೇ ಇದ್ದ ಮನೆ. ಪೂರ್ವಕ್ಕೇ ಬಾಗಿಲು, ಅಂಗಳದಲ್ಲಿ ತುಳಸಿಕಟ್ಟೆ. ನನ್ನ ಕಣ್ಣು ತುಂಬಿ ಬಂತು. ಬಾಗಿಲಿಗೆ ತೋರಣವೂ ಇತ್ತು. ಒಳಗೆ ಪಂಕ್ತಿ ಹಾಕಿ ಮಂದಿ ಉಣ್ಣುತ್ತಿದ್ದರು. ಕೊಂಡವರು ಆವತ್ತೇ ಗೃಹಪ್ರವೇಶ ಮಾಡಿದ್ದರು.

ಅವರು ನಮ್ಮನ್ನೂ ಬೀಗರೆಂದು ತಿಳಿದು ಕೈಹಿಡಿದು ಕೂಡಿಸಿದರು. ನನಗೆ ಏಕಾದಶಿ. ನನ್ನ ಎಲೆಯ ಹೋಳಿಗೆಯನ್ನೂ ಏಜಂಟನೇ ಉಂಡ. ಹೊರಗೆ ಬಂದ ಮೇಲೆ, "ಮಾರಿದ ಮನಿ ಗ್ರೂಪಿನಿಂದ ಯಾಕ ತೆಗೆದಿಲ್ಲೋ?" ಅಂತ ಕೇಳಿದೆ.

ತೇಗಿ ಹೇಳಿದ: "ಮಾರಿದ್ದು ತೆಗಕೋಂತ ಹೋದ್ರ ತೋರಸಾಕ ಚಲೋ ಮನಿ ಎಲ್ಲಿ ಉಳಿತಾವ್ರಿ?"

ಸಿಂದಗಿಯ ಭೇಟಿ

ತುಳಸಿ ಲಗ್ನಕ್ಕೆ ಹನ್ನೆರಡು ದಿನ ಉಳಿದಿತ್ತು. ನನ್ನ ಏಜಂಟ ಫೋನು ಮಾಡಿದ. "ಇಂಡ್ಯಾಗ ಒಂದು ಗುಪ್ತ ಮನಿ ಐತ್ರಿ. ಸಿಂದಗಿ ಏಜಂಟನ ಕಡೆ ಬಂದೈತಿ. ಪೂರ್ವ ಬಾಗಲಾ, ತುಳಸಿಕಟ್ಟಿ ಕಟ್ಟಾಕ ಜಾಗಾ. ಫೋಟೋ ಇಲ್ಲ, ಹಾಕಿದ್ರ ಬ್ಯಾರೆಯವರು ಹಾರಸ್ತಾರ. ಸಿಂದಗಿ ಚಾದಂಗಡಿಗೆ ಬರ್ರಿ, ಮಾಲಕರೂ ಬರ್ತಾರ."

ಬಸ್ಸಿಗೆಂದು ನಿಂತಿದ್ದೆ. ನಮ್ಮ ಮನೆ ಮಾಲಕರು ಗಾಡಿ ನಿಲ್ಲಿಸಿ, "ಎಲ್ಲಿಗ್ರಿ ಕಾಕಾರ?" ಅಂದರು. ಎಂದೂ ಸುಳ್ಳಾಡದ ನಾನು ಹರಿಸ್ಮರಣೆ ಮಾಡಿಕೊಂಡು, "ಸಿಂದಗಿಗೆ, ಭಾವನ ಮನಿಗೆ" ಅಂದೆ. "ನಾನೂ ಅಲ್ಲಿಗೇರಿ, ಒಂದು ಮದುವಿ ಮಾತಿಗೆ. ಕುಂದರ್ರಿ" ಅಂದರು. ದಾರಿಯುದ್ದಕ್ಕೂ ನಾನು ಅವರ ಮಗಳು ಅಳಿಯನ ಕ್ಷೇಮ ಕೇಳಿದೆ, ಅವರು ನಮ್ಮ ಭಾವನ ಕ್ಷೇಮ ಕೇಳಿದರು. ಚಾದಂಗಡಿಯ ಮುಂದೆ, "ನನ್ನ ಇಲ್ಲೇ ಇಳಸ್ರಿ" ಅಂದೆ. "ನಂದೂ ಇಲ್ಲೇರಿ" ಅಂದರು.

ಒಳಗಿನಿಂದ ಇಬ್ಬರು ಏಜಂಟರು ಓಡಿ ಬಂದರು. "ಬರ್ರಿ ಬರ್ರಿ. ಇವರು ಕೊಳ್ಳೋ ಪಾರ್ಟಿ, ಇವರು ಕೊಡೋ ಪಾರ್ಟಿ. ನಮಸ್ಕಾರ ಮಾಡ್ರಿ ಒಬ್ಬರಿಗೊಬ್ಬರು."

ಮಾಡಿದೆವು. ನಮ್ಮನ್ನು ಒಂದು ಮೇಜಿಗೆ ಕೂಡಿಸಿ ಏಜಂಟರಿಬ್ಬರೂ ಚಹಾ ಹೇಳಲು ಹೋದರು. ನಮ್ಮ ಮಾಲಕರು ಮೆತ್ತಗೆ, "ಮಾರೂದು ಬಾಡಿಗಿಯವರ ಮುಂದ ಹೇಳಬ್ಯಾಡ್ರಿ ಅಂತ ಏಜಂಟ ಅಂದಿದ್ದರಿ" ಅಂದರು. "ನನಗೂ ಹಂಗ ಹೇಳಿದ್ದರಿ" ಅಂದೆ. ಅವರು ಒಂದು ರೇಟು ಹೇಳಿದರು, ನಾನು "ಆಗ್ಲಿ" ಅಂದೆ. ಚಹಾ ಆರುವಷ್ಟರಲ್ಲಿ ವ್ಯವಹಾರ ಮುಗಿದಿತ್ತು.

ಮನೆ ನೋಡದೆಯೇ ಒಪ್ಪಿದ ಗಿರಾಕಿಯನ್ನು ಸಿಂದಗಿ ಏಜಂಟ ಅದೇ ಮೊದಲು ನೋಡಿದ್ದು. ಎಲ್ಲಿ ಮನಸ್ಸು ಬದಲಾದೀತೋ ಎಂದು ನನ್ನ ಕೈ ಹಿಡಿದುಕೊಂಡ. "ಕಾಕಾರ, ಒಂದ ಮಾತು ಮುಚ್ಚಿಡೂದಿಲ್ಲ. ಆ ಮನ್ಯಾಗ ಈಗ ಒಬ್ಬ ಮುದುಕ ಮುದುಕಿ ಬಾಡಿಗಿ ಅದಾರಂತ, ಭಾಳ ಕಿರಿಕಿರಿ ಮಂದಿ. ನೀವು ಕಾಳಜಿ ಮಾಡಬ್ಯಾಡ್ರಿ. ಎಂಟ ದಿನದಾಗ ಅವರನ್ನ ಗಂಟುಮೂಟಿ ಸುದ್ದಾ ಹೊರಗ ಹಾಕೂದು ನನ್ನ ಜವಾಬ್ದಾರಿ."