ಜರಡಿ ತೋರಿಸಿದ ದಿಕ್ಕು

“ಸುಮ್ಮನಾಗ್ಲಿ ಅಂತ ಯಾರಾದ್ರೂ ರೇಡಿಯೋ ಹಾಕ್ತಾರೇನೋ?”

ಕಮಲಾಕ್ಷಮ್ಮನವರ ಪಿತ್ತ ನೆತ್ತಿಗೇರಿತ್ತು. ರಾಜಾಜಿನಗರದ ಆ ಹೊಸ ಮನೆಗಳ ಸಾಲಿನಲ್ಲಿ ರೇಡಿಯೋ ಇದ್ದದ್ದು ಅವರ ಮನೆಯಲ್ಲೊಂದೇ. ಹರಿಕಥೆ ಕೇಳಲು ಪಕ್ಕದ ಮನೆಯ ಮುನಿತಾಯಮ್ಮ ಬಂದು ಕೂತಿದ್ದಾರೆ. ವಿಮಾನ ಹಾರಿಸಲು ಕಲಿಯುತ್ತಿರುವ ಸುಪುತ್ರ ಜಂಬಣ್ಣನೋ, ಅಕ್ಕಿ ಜರಡಿಯ ಬಲೆ ಕಿತ್ತು, ಉಳಿದ ದುಂಡು ಬಳೆಗೆ ತಂತಿ ಸುತ್ತಿ, ಅದನ್ನು ರೇಡಿಯೋಗೆ ಸಿಕ್ಕಿಸಿ ತಿರುಗಿಸುತ್ತಿದ್ದಾನೆ!

ಜಂಬಣ್ಣ: ಜರಡಿ ಬಾಯಿ ರೇಡಿಯೋ ಸ್ಟೇಷನ್ ಕಡೆ ತಿರುಗಿದಾಗ ಶಬ್ದ ಸಾಯುತ್ತೆ ಕಣಮ್ಮ. ಹಾಗೇ ದಿಕ್ಕು ಹುಡುಕೋದು. ನಾಳೆ ಮೇಷ್ಟ್ರು ಆಕಾಶದಲ್ಲಿ ಇದನ್ನೇ ಕೇಳ್ತಾರೆ. ಸರಿಯಾಗಿ ಹೇಳಿದ್ರೆ, ಇನ್ಮೇಲೆ ಒಬ್ಬನನ್ನೇ ಹಾರೋಕೆ ಬಿಡ್ತಾರೆ!

‘ಒಬ್ಬನನ್ನೇ’ ಅನ್ನುವುದು ಕೇಳಿದಾಗಿನಿಂದ ಆ ತಾಯಿಗೆ ಗಂಟಲಲ್ಲಿ ತುತ್ತು ಇಳಿದಿಲ್ಲ.

ಮುನಿತಾಯಮ್ಮ: ರಾಣಿ ವಿಷದ ಬಟ್ಟಲು ಎತ್ತಿದ್ಲು ಕಣಪ್ಪ. ಕುಡಿಸಿದ ಮೇಲೆ ತಿರುಗಿಸು.

ಜಂಬಣ್ಣ ತಿರುಗಿಸಿಯೇಬಿಟ್ಟ. ಭಾಗವತರ ದನಿ ಉಡುಗಿತು.

ಜಂಬಣ್ಣ: ನೋಡಿ, ಸ್ಟೇಷನ್ನು ಮಾಗಡಿ ರಸ್ತೆ ಕಡೆ!

ಕಮಲಾಕ್ಷಮ್ಮ: ಜರಡಿಗೆ ಎರಡು ಬಾಯಲ್ವೇನೋ? ಇನ್ನೊಂದು ಮಲ್ಲೇಶ್ವರದ ಕಡೆ ನೋಡ್ತಿದೆ.

ಜಂಬಣ್ಣ: ಅಲ್ಲೂ ಇರಬಹುದು.

ಕಮಲಾಕ್ಷಮ್ಮ: ಅಂದ್ರೆ, ಮನೆಗೆ ಅಂತ ಹೊರಟೋನು ಮದ್ರಾಸಿಗೆ ಹೋಗಿ ಇಳೀತೀಯಾ?

ಜಂಬಣ್ಣ: ಇಲ್ಲಮ್ಮ, ಸ್ವಲ್ಪ ಪಕ್ಕಕ್ಕೆ ಹೋಗಿ ಇನ್ನೊಂದ್ಸಲ ನೋಡಿದ್ರೆ ಗೊತ್ತಾಗುತ್ತೆ.

ಮುನಿತಾಯಮ್ಮ: ಹಂಗಾದ್ರೆ ಪಕ್ಕದ ರೂಮಿಗೆ ಹೋಗಪ್ಪ. ರೇಡಿಯೋ ಇಲ್ಲೇ ಇರ್ಲಿ.

ಜಂಬಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಬೆನ್ನು ತಿರುಗಿಸಿ ತಂತಿ ಬಿಗಿಮಾಡುತ್ತಿದ್ದಾಗ ಕಮಲಾಕ್ಷಮ್ಮ ಗೋಡೆಯ ಪ್ಲಗ್ಗನ್ನು ಮೆಲ್ಲಗೆ ಕಿತ್ತರು. ಹುಡುಗ ಮತ್ತೆ ತಿರುಗಿಸಿದ. ಮಾಗಡಿ ರಸ್ತೆಯೂ ಸುಮ್ಮನೆ, ಮಲ್ಲೇಶ್ವರವೂ ಸುಮ್ಮನೆ. ಹೆಗ್ಗನಹಳ್ಳಿಯ ಕಡೆಯಿಂದಲೂ ಪಿಟ್ಟೆನ್ನಲಿಲ್ಲ. ಅವನ ಮುಖ ಊರಗಲ ಅರಳಿತು.

ಜಂಬಣ್ಣ: ಅಮ್ಮಾ! ಸ್ಟೇಷನ್ನಿನ ನೆತ್ತಿ ಮೇಲೆ ಬಂದಾಗ ಸದ್ದೇ ಇರಲ್ಲ ಅಂತ ಮೇಷ್ಟ್ರು ಹೇಳಿದ್ರು. ನಾವೀಗ ಸರಿಯಾಗಿ ಸ್ಟೇಷನ್ ಮೇಲಿದೀವಿ!

ಮುನಿತಾಯಮ್ಮ: ಹಂಗಾದ್ರೆ ಬಗ್ಗಿ ಕೇಳಪ್ಪ, ರಾಣಿ ವಿಷ ಕುಡಿಸಿದ್ಲಾ ಅಂತ.

ಕಮಲಾಕ್ಷಮ್ಮನವರಿಗೆ ಎಷ್ಟೋ ದಿನದ ಮೇಲೆ ಜೀವ ಹಗುರಾಯಿತು. ಪ್ಲಗ್ಗನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಗನ ತಲೆ ಸವರಿದರು.

“ಎಷ್ಟು ಜಾಣ ನನ್ನ ಕಂದ! ನಾಳೆ ಮೇಷ್ಟ್ರು ಏನೇ ಕೇಳ್ಲಿ, ಇದನ್ನೇ ಹೇಳು.”