ಒಂದೇ ಕಟ್ಟಿನ ವೈರುಗಳು

ಕಾರು ಕೆಟ್ಟಿರಲಿಲ್ಲ. ನನ್ನ ಮೈದುನನ ತಲೆಯೂ ಕೆಟ್ಟಿರಲಿಲ್ಲ. ವೈರುಗಳನ್ನೂ ಕೂಡುಕುಟುಂಬ ಮಾಡಿಬಿಟ್ಟಿದ್ದ, ಅಷ್ಟೇ.

ಯಾವುದೂ ಬೇರೆ ಇರಬಾರದೆಂಬ ಹುಚ್ಚು ಅವನಿಗೆ. ಮನೆಯ ಐದೂ ಛತ್ರಿಗಳನ್ನು ಒಂದೇ ಹಗ್ಗದಲ್ಲಿ ಬಿಗಿದು ತೂಗುಹಾಕಿದ್ದ. ಆ ಗಂಟು ಬಿಚ್ಚುವಷ್ಟರಲ್ಲಿ ಮಳೆಯೇ ನಿಲ್ಲುತ್ತಿತ್ತು.

ಅವನ ಮಗಳಿಗೆ ಜೇವರ್ಗಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಎಂಟು ದಿನದಲ್ಲಿ ಹಾಜರಾಗಬೇಕು. ಗೊಬ್ಬೂರಿನಿಂದ ಎರಡು ಬಸ್ಸು ಬದಲಿಸಿ ಹೋದರೆ ಮೊದಲ ಗಂಟೆ ಬಾರಿಸಿಹೋಗಿರುತ್ತದೆ. ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿಯೋಣವೆಂದರೆ ಇವನು ಕೇಳಬೇಕಲ್ಲ?

“ನಮ್ಮ ಮನಿ ಹುಡುಗಿ ಬ್ಯಾರೆ ಒಲಿ ಹೂಡೂದು ಬ್ಯಾಡ್ರಿ ವೈನಿ. ದಿನಾ ನಾನೇ ಕಾರಿನ್ಯಾಗ ಒಯ್ದು ತರ್ತೇನಿ.”

“ನಿನ್ನ ಕಾರು ಹಳ್ಳ ದಾಟ್ಲಿ ಮೊದ್ಲು,” ಅತ್ತಿಗೆಯ ಗತ್ತಿನಲ್ಲೇ ಎಂದೆ.

ಹಳೆಯ ಕಾರು. ಸೊಲ್ಲಾಪುರದಿಂದ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ತಂದು ತಾನೇ ಜೋಡಿಸಿದ್ದ. ಇಂಜಿನ್ನಿನ ಹಲ್ಲುಗಾಲಿಯ ಪಕ್ಕ ಬೆರಳಷ್ಟು ದಪ್ಪದ ಒಂದು ಸೆನ್ಸರ್ ಕೂತಿರುತ್ತದಂತೆ. ಹಲ್ಲು ಎಣಿಸಿ ಅದು ಕಿಟ್ಟಿನ ಡಬ್ಬಿಗೆ ಸುದ್ದಿ ಕಳಿಸಿದರೆ ಡಬ್ಬಿ ಕಿಡಿ ಹಾರಿಸುತ್ತದಂತೆ. ಅಂಗಳದಲ್ಲಿ ಕಾರು ಒಳ್ಳೆ ಸೊಸೆಯ ಹಾಗೆ ತಣ್ಣಗೆ ಗುನುಗುತ್ತಿತ್ತು. ವೇಗ ಹೆಚ್ಚಿದ ಕೂಡಲೇ ಕೆಮ್ಮು, ಢಬ್ ಎಂಬ ಸದ್ದು, ನಂತರ ಎತ್ತು ಕಟ್ಟಿ ಎಳೆದು ತರುವುದು.

ಸೆನ್ಸರಿಗೂ ಗಾಲಿಗೂ ನಡುವೆ ಲಗ್ನಪತ್ರಿಕೆ ತೂರಿಸಿ ಸಂದು ಅಳೆದ. ಸಂದು ಸರಿಯಿತ್ತು. ಸೆನ್ಸರಿನ ಎರಡು ತಂತಿ ಅದಲುಬದಲು ಮಾಡಿದ. ಕಾರು ಅಂಗಳದಲ್ಲೂ ಶುರುವಾಗಲಿಲ್ಲ.

“ಒಂದು ಕಾರಣ ಕಡಿಮಿ ಆತಲ್ರಿ ವೈನಿ,” ಎಂದು ನಕ್ಕು ಮತ್ತೆ ಮೊದಲಿನಂತೆ ಜೋಡಿಸಿದ. ಇಂಥವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ?

ಏಳನೆಯ ದಿನ ಆಳಂದದಿಂದ ಮಿಸ್ತ್ರಿ ಬಂದ. ಬಾನೆಟ್ ಎತ್ತಿ ಬಗ್ಗಿ ನೋಡಿದ. ನನ್ನ ಹಳೆ ಸೀರೆಯ ಅಂಚಿನಿಂದ ಎಲ್ಲ ವೈರುಗಳನ್ನೂ ಮೇವಿನ ಸಿವುಡಿನ ಹಾಗೆ ಕಟ್ಟಲಾಗಿತ್ತು.

“ಯಾರು ಕಟ್ಟಿದ್ರಿ ಸಾವ್ಕಾರ್ರ?”

“ನಾನೇ. ಚೊಕ್ಕ ಅದಲ್ಲ?”

“ಚೊಕ್ಕ ಅದ. ಈ ದಪ್ಪ ವೈರಿನ್ಯಾಗ ಕಿಡಿ ಓಡ್ತದ. ಅದರ ಗದ್ದಲ ಬಾಜೂದ ಸಣ್ಣ ವೈರಿಗೆ ಬಡಿಯಾಕತ್ತದ. ಪಾಪ, ಸೆನ್ಸರ್ ಏನು ಹೇಳ್ತದೋ ಡಬ್ಬಿಗೆ ಕೇಳಸವಲ್ದು. ಜರಾ ದೂರ ಇಡ್ರಿ.”

ಕಟ್ಟು ಬಿಚ್ಚಿ ಸಣ್ಣ ವೈರನ್ನು ಇನ್ನೊಂದು ಬದಿಯಿಂದ ಹಾಯಿಸಿದ. ಮೈದುನ ಮಗಳನ್ನು ಹಿಂದೆ ಕೂರಿಸಿಕೊಂಡು ಜೇವರ್ಗಿಗೆ ಹೋಗಿ, ಎಲ್ಲೂ ನಿಲ್ಲದೆ ಸಂಜೆಗೆ ಬಂದ. ಇನ್ನು ಇವನನ್ನು ಹಿಡಿಯುವವರಿಲ್ಲ ಎಂದುಕೊಂಡೆ.

ಅವನು ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿದ: “ಸಾಲಿ ಬಾಜೂಕ ಒಂದು ಖೋಲಿ ನೋಡಿ ಬಂದೀನ್ರಿ ವೈನಿ.”

“ಯಾಕ? ಗಾಡಿ ಚಲೋ ಆತಲ್ಲ?”

“ಗಾಡಿ ಚಲೋ ಅದ. ಆದ್ರ ಹುಡುಗಿ ಹಿಂದ ಕುಂತು ಮೂರು ಸಲ ತೂಕಡಿಸಿದ್ಳು. ಮಕ್ಕಳ ಮುಂದ ನಿಂತು ಕಲಸಾಕಿ, ದಣಿಬಾರ್ದು.”

 

ಮರುದಿನ ಬೆಳಿಗ್ಗೆ ನನ್ನ ಟ್ರಂಕು, ಸ್ಟೋವು, ಒಂದು ಚೀಲ ಜೋಳದ ಹಿಟ್ಟು ಕಾರಿಗೆ ಹಾಕಿ ಹುಡುಗಿಯ ಪಕ್ಕ ಕೂತೆ.

“ನೀವೆಲ್ಲಿಗ್ರಿ ವೈನಿ?”

“ಆಕಿ ಪಾಠ ಹೇಳ್ಯಾಳೋ, ರೊಟ್ಟಿ ಬಡದಾಳೋ? ನಡಸು,” ಎಂದು ಬಾಗಿಲು ಎಳೆದುಕೊಂಡೆ.