ಕಂಪ್ಯೂಟರ್ ಕಂಡ ಕಾಯಿಲೆ

ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಿಂದ ಇಳಿದು ಕೇಳಿದ್ದು ರುದ್ರಸ್ವಾಮಿಯ ಮನೆಯನ್ನು. ಶಿವನಂಜಯ್ಯನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಅಲ್ಲಿಂದಲೇ.

ಇದು ಎಪ್ಪತ್ತಮೂರನೆಯ ಇಸವಿಯ ಮಾತು. ಆಗ ಕಾಮಗೆರೆಯಲ್ಲಿ ಕಾಯಿಲೆಯ ವಿಷಯ ಬಂದರೆ ಮೊದಲ ಮಣೆ ಶಿವನಂಜಯ್ಯನಿಗೇ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮೂಲವ್ಯಾಧಿ, ಮಂಡಿನೋವು, ಆಗಾಗ ಬಂದು ಹೋಗುವ ಎದೆ ಉರಿ ಎಲ್ಲವನ್ನೂ ಅವನು ಹೆತ್ತ ಮಕ್ಕಳಂತೆ ಸಾಕಿಕೊಂಡು ಬಂದಿದ್ದ. ಅವನು ಆಸ್ಪತ್ರೆಯಿಂದ ಮರಳಿದಾಗಲೆಲ್ಲ ಜಗುಲಿ ತುಂಬ ಜನ. ಒಬ್ಬರ ಕೈಯಲ್ಲಿ ಬ್ರೆಡ್ಡು, ಇನ್ನೊಬ್ಬರ ಕೈಯಲ್ಲಿ ಮೂಸಂಬಿ. ಸೂಜಿ ಚುಚ್ಚಿದ ಕತೆಯನ್ನು ಅವನು ಹೇಳುತ್ತಿದ್ದರೆ ಗಂಡಸರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಊರಲ್ಲಿ ಅವನಿಗಿದ್ದ ಮರ್ಯಾದೆ ಅದೊಂದೇ. ಹೊಲದ ಯಜಮಾನಿಕೆ ಅಣ್ಣನದು, ಮನೆಯ ಯಜಮಾನಿಕೆ ಹೆಂಡತಿ ವೀರಮ್ಮನದು.

ಪಕ್ಕದ ಮನೆಯ ರುದ್ರಸ್ವಾಮಿಗೆ ಹುಟ್ಟಿದಾಗಿನಿಂದ ನೆಗಡಿ ಬಂದದ್ದನ್ನೂ ಯಾರೂ ಕಂಡಿರಲಿಲ್ಲ. ಅಂಥವನ ಜಗುಲಿಯ ಮೇಲೆ ಕೂತು ಇನ್ಸ್‌ಪೆಕ್ಟರು ಊರಿಗೆಲ್ಲ ಕೇಳುವಂತೆ ಹೇಳಿದರು: “ಬೆಂಗಳೂರಲ್ಲಿ ಕಂಪ್ಯೂಟರ್ ಅಂತ ಮಿಷಿನ್ ಇದೆ ಕಣ್ರಿ. ತಾಲ್ಲೂಕಿನ ವೋಟರ್ ಲಿಸ್ಟನ್ನೆಲ್ಲ ಅದಕ್ಕೆ ಕೊಟ್ಟಿದ್ರು. ಈ ಊರಿಂದ ಅದು ಆರಿಸಿರೋದು ನಿಮ್ಮೊಬ್ಬರನ್ನೇ. ನಾಳೆ ಬೆಳಿಗ್ಗೆ ಹನೂರು ಸ್ಕೂಲಿಗೆ ಬನ್ನಿ, ಡಾಕ್ಟರ್ ಇರ್ತಾರೆ. ರಕ್ತ ತೆಗೀತಾರೆ, ಖಾಲಿ ಹೊಟ್ಟೇಲೇ ಬರ್ಬೇಕು.”

“ನಂಗ್ಯಾವ ಕಾಯ್ಲೇನೂ ಇಲ್ವಲ್ಲಾ ಸಾ?”

“ಇಲ್ಲ ಅನ್ನೋದನ್ನೂ ಅದೇ ಹೇಳ್ಬೇಕು.”

ಎದುರುಮನೆಯ ಸೋಮಮ್ಮ, ಊರಿನ ಸುದ್ದಿಯನ್ನು ಟಪಾಲಿಗಿಂತ ಬೇಗ ಮುಟ್ಟಿಸುವವಳು, ಸೀದಾ ಶಿವನಂಜಯ್ಯನ ಬಾಗಿಲಿಗೆ ಬಂದಳು. “ಅಯ್ಯೋ ಶಿವನಂಜಣ್ಣ, ಇಷ್ಟ್ ವರ್ಸ ನರಳಾಡ್ದೋನು ನೀನು. ಆ ಮಿಸ್ನು ಕರ್ದದ್ದು ಅವುನ್ನ!”

ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಆ ರಾತ್ರಿ ಶಿವನಂಜಯ್ಯ ಮುದ್ದೆಯ ತಟ್ಟೆ ಸರಿಸಿ ಎದ್ದ. ಮಿಷಿನ್ನಿಗೆ ಕಣ್ಣಿಲ್ಲವೆ? ಒಂದು ಊರಿನಲ್ಲಿ ಕಾಯಿಲೆ ಹುಡುಕುವವರು ಕೋಣದಂತಿರುವವನ ಮನೆಗೆ ಹೋಗುತ್ತಾರೆಯೆ? ನಾಳೆ ಆ ರುದ್ರಸ್ವಾಮಿ ಕಂಪ್ಯೂಟರಿನ ಕತೆ ಹೇಳತೊಡಗಿದರೆ ತನ್ನ ಜಗುಲಿಗೆ ನಾಯಿಯೂ ಬರುವುದಿಲ್ಲ. ಹೊಟ್ಟೆಕಿಚ್ಚು ಎದೆ ಉರಿಯ ಜೊತೆ ಸೇರಿಕೊಂಡು, ಯಾವುದು ಯಾವುದೆಂದು ಅವನಿಗೇ ತಿಳಿಯದಾಯಿತು.

ಬೆಳಿಗ್ಗೆ ಏಳುವಷ್ಟರಲ್ಲಿ ಉಪಾಯವೂ ಎದ್ದಿತ್ತು. ಮಾದಪ್ಪನ ಬೆಟ್ಟದಿಂದ ಭಾಮೈದ ತಂದುಕೊಟ್ಟಿದ್ದ ಪ್ರಸಾದ ಗೂಡಿನಲ್ಲಿತ್ತು. ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕದ ಮನೆಗೆ ನಡೆದ. ರುದ್ರಸ್ವಾಮಿ ಲಿಂಗಪೂಜೆ ಮುಗಿಸಿ, ಹಸಿದ ಹೊಟ್ಟೆಯನ್ನು ಸವರಿಕೊಳ್ಳುತ್ತ ಕೂತಿದ್ದ.

“ಮಾದಪ್ಪನ ಪ್ರಸಾದ ರುದ್ರಣ್ಣ, ತಕೊ.”

“ಅಯ್ಯೋ, ನೀರೂ ಕುಡೀಬ್ಯಾಡಿ ಅಂದವ್ರಲ್ಲಾ.”

“ಬ್ಯಾಡ ಅಂದ್ರೆ ಬುಡು. ಮಾದಪ್ಪನ್ಗೆ ನಾನೇ ಏಳ್ತೀನಿ, ಡಾಕ್ಟ್ರು ಬ್ಯಾಡ ಅಂದ್ರಂತೆ ಅಂತ.”

ಮನೆ ಬಾಗಿಲಿಗೆ ಬಂದ ಮಾದಪ್ಪನ ಪ್ರಸಾದವನ್ನು ಬೇಡ ಎನ್ನುವ ಗಂಡಸು ಆ ಸೀಮೆಯಲ್ಲಿ ಹುಟ್ಟಿಲ್ಲ. ರುದ್ರಸ್ವಾಮಿ ಎರಡೂ ಕೈ ಒಡ್ಡಿದ, ಕಣ್ಣಿಗೊತ್ತಿಕೊಂಡ, ಬಾಯಿಗೆ ಹಾಕಿಕೊಂಡ. ನುಂಗಿದ ಮೇಲೆ ಒಂದು ಗಳಿಗೆ ಯೋಚಿಸಿ ಒಳಗೆ ಕೂಗಿದ: “ಲೇ ದೊಡ್ಡಬಸಮ್ಮಾ, ಎಂಗೂ ಉಪ್ಪಾಸ ಕೆಟ್ಟೋಯ್ತು. ರೊಟ್ಟಿ ಆಕು. ಹನೂರೂ ಬ್ಯಾಡ, ಏನೂ ಬ್ಯಾಡ, ಗದ್ದೆ ತಾವ ಓಯ್ತೀನಿ.”

ಶಿವನಂಜಯ್ಯ ಮೊದಲ ಬಸ್ಸಿಗೇ ಹನೂರಿಗೆ ಹೊರಟ.

ಶಾಲೆಯಲ್ಲಿ ಬೆಂಗಳೂರಿನ ಲೇಡಿ ಡಾಕ್ಟರೂ, ಕನ್ನಡಕದ ಹುಡುಗನೊಬ್ಬನೂ ಮೇಜು ಹಾಕಿಕೊಂಡು ಕೂತಿದ್ದರು. ಶಿವನಂಜಯ್ಯ ಕೈಮುಗಿದು, ತಾನು ಕಾಮಗೆರೆಯವನೆಂದೂ, ಅವರು ಕರೆಸಿದವನಿಗಿಂತ ಎಷ್ಟೋ ಪಾಲು ಹೆಚ್ಚು ಕಾಯಿಲೆ ಇರುವ ಮನುಷ್ಯನೊಬ್ಬ ಆ ಊರಲ್ಲಿದ್ದಾನೆಂದೂ, ಬದಲಿಗೆ ಅವನಾದರೆ ಆಗುವುದೇ ಎಂದೂ ಕೇಳಿದ.

“ಬದಲಿ ಆಗಲ್ಲ ಯಜಮಾನ್ರೇ. ಕಂಪ್ಯೂಟರ್ ಯಾರನ್ನ ಆರಿಸಿದೆಯೋ ಅವರೇ ಆಗ್ಬೇಕು,” ಎಂದ ಹುಡುಗ. “ಕಾಮಗೆರೆ ಅಂದ್ರೆ ರುದ್ರಸ್ವಾಮಿ. ನೀವೇ ತಾನೆ?”

ನಾಲಗೆ ಒಂದು ಸಲ ಒಳಗೆ ಹೊರಳಿತು. ಬರಿಗೈಯಲ್ಲಿ ಮನೆಗೆ ಹೋಗುವುದೆ? “ಊಂ, ನಾನೇ,” ಅಂದುಬಿಟ್ಟ.

ರಕ್ತ ತೆಗೆದರು, ಒತ್ತಡ ನೋಡಿದರು. ಹುಡುಗ ಚೌಕಚೌಕದ ಹಾಳೆ ತೆಗೆದು ಕಾಯಿಲೆ ಕೇಳತೊಡಗಿದ. ಒಂದೊಂದನ್ನು ಹೇಳಿದಾಗಲೂ ಒಂದೊಂದು ಚೌಕದಲ್ಲಿ ಅಂಕಿ ಬರೆದ.

“ಇದೆಲ್ಲ ಬೆಂಗಳೂರಲ್ಲಿ ರಟ್ಟಿನ ಕಾರ್ಡಿಗೆ ತೂತು ಹೊಡೀತಾರೆ. ಕಂಪ್ಯೂಟರ್ ಅಂದ್ರೆ ಈ ಕೊಠಡಿಯಷ್ಟು ದೊಡ್ಡದು, ಅದು ಓದೋದು ತೂತನ್ನೇ. ಯಾವ ಊರಲ್ಲಿ ಯಾವ ಕಾಯಿಲೆ ಜಾಸ್ತಿ ಅಂತ ವರ್ಷಗಟ್ಟಲೆ ಲೆಕ್ಕ ಹಾಕೋದನ್ನ ಒಂದು ಮಧ್ಯಾಹ್ನದಲ್ಲಿ ಹೇಳಿಬಿಡುತ್ತೆ.”

“ಕಾಯ್ಲೆ ಜಾಸ್ತಿ ಇದ್ರೆ ತೂತೂ ಜಾಸ್ತಿಯಾ ಸಾ?”

“ಹೌದು.”

ಶಿವನಂಜಯ್ಯನ ಉತ್ಸಾಹ ಉಕ್ಕಿತು. ಚಿಕ್ಕಂದಿನಲ್ಲಿ ಬಂದ ಸಿಡುಬು, ಮದುವೆಯ ವರ್ಷದ ಕಜ್ಜಿ, ಹಿಮ್ಮಡಿಯ ಒಡಕು ಯಾವುದನ್ನೂ ಬಿಡದೆ ಒಪ್ಪಿಸಿದ. ಕೊನೆಗೆ ಹುಡುಗ ಡಾಕ್ಟರ ಕಡೆ ತಿರುಗಿ, “ಮೇಡಂ, ಇವರದು ಒಂದು ಕಾರ್ಡಲ್ಲಿ ಹಿಡಿಯಲ್ಲ,” ಎಂದ. ತಾಲ್ಲೂಕಿನಲ್ಲಿ ಯಾರದೂ ಹೀಗಾಗಿಲ್ಲವಂತೆ! ಶಿವನಂಜಯ್ಯನಿಗೆ ಜನ್ಮ ಸಾರ್ಥಕವಾಯಿತು.

“ಹೆಂಡತಿ ಹೆಸರು?”

ಇದನ್ನು ಅವನು ಯೋಚಿಸಿರಲಿಲ್ಲ. ವೋಟರ್ ಲಿಸ್ಟು ಹುಡುಗನ ಮುಂದೆಯೇ ಬಿಚ್ಚಿಕೊಂಡಿತ್ತು. ಬೆವರು ಒರೆಸಿಕೊಂಡು ಮೆಲ್ಲಗೆ, “ದೊಡ್ಡಬಸಮ್ಮ,” ಎಂದ.

“ಕೇಳಿಸ್ಲಿಲ್ಲ, ಜೋರಾಗಿ ಹೇಳಿ.”

“ನನ್ನೆಂಡ್ತಿ ಎಸ್ರು ದೊಡ್ಡಬಸಮ್ಮ!”

“ಶಿವಶಿವಾ!” ಎಂದಿತು ಕಿಟಕಿ.

ಕಿಟಕಿಯ ಆಚೆ, ಹನೂರಿಗೆ ಕೋಳಿಮೊಟ್ಟೆ ಮಾರಲು ಬಂದಿದ್ದ ಸೋಮಮ್ಮ ಬುಟ್ಟಿ ಹೊತ್ತು ನಿಂತಿದ್ದಳು. ಅವನು ಏಳುವಷ್ಟರಲ್ಲಿ ಅವಳು ಇರಲಿಲ್ಲ. ಅವಳು ಹತ್ತಿದ ಬಸ್ಸು ಸಿಕ್ಕಲಿಲ್ಲ. ಮುಂದಿನ ಬಸ್ಸು ದಾರಿಯಲ್ಲಿ ಪಂಚರ್ ಆಯಿತು. ಉಪವಾಸದ ಹೊಟ್ಟೆ, ಮಂಡಿನೋವು, ನೆತ್ತಿ ಸುಡುವ ಬಿಸಿಲು. ಉಳಿದ ದಾರಿಯನ್ನು ಕಾಲೆಳೆಯುತ್ತ ನಡೆದು ಊರು ಸೇರಿದಾಗ ಸುದ್ದಿ ಊರೆಲ್ಲ ಸುತ್ತಿ, ಊಟ ಮಾಡಿ, ಅವನ ಜಗುಲಿಯ ಮೇಲೆ ಕೂತಿತ್ತು.

“ಬಂದ್ರಾ?” ವೀರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. “ಅನೂರ್ಗೋಗಿ ಪಕ್ಕದ್ಮನೆಯೋಳ ಎಸ್ರ ಕೂಗ್ಕಂಡು ಬಂದ್ರಾ? ಅಲ್ಲೇ ಓಗಿ ಉಣ್ಣಿ, ಇಲ್ಲಿ ಒಲೆ ಆರೋಯ್ತು.”

ನಿಜ ಹೇಳಿದರೆ ಪ್ರಸಾದದ ಕತೆಯೂ ಹೊರಬರುತ್ತಿತ್ತು. “ತಲೆ ಸುತ್ತಿ ಬಾಯ್ತಪ್ಪಿ ಬಂತು ಕಣೇ,” ಎಂದ. ಯಾರು ನಂಬುತ್ತಾರೆ? ದೊಡ್ಡಬಸಮ್ಮ ಗೋಡೆಯಾಚೆಯಿಂದ ಬೈದ ಬೈಗುಳಕ್ಕೆ ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ರುದ್ರಸ್ವಾಮಿ ಮಾತ್ರ, “ಪಾಪ, ಸಕ್ರೆ ತಲೆಗೇರ್ಬುಟ್ಟದೆ,” ಎಂದ. ಶಿವನಂಜಯ್ಯ ಎಲ್ಲವನ್ನೂ ನುಂಗಿಕೊಂಡ. ಕಂಪ್ಯೂಟರ್ ಉತ್ತರ ಕೊಟ್ಟ ದಿನ ಎದೆ ತಟ್ಟಿ ಹೇಳಿಕೊಂಡರಾಯಿತು ಎಂಬುದೊಂದೇ ಅವನಿಗೆ ಉಳಿದಿದ್ದ ಸಮಾಧಾನ.

ಸುಗ್ಗಿ ಮುಗಿಯುವ ಹೊತ್ತಿಗೆ ಉತ್ತರ ಬಂತು, ಜೀಪಿನಲ್ಲಿ. ಡ್ರೈವರು ಇಳಿದು ಕೇಳಿದ: “ರುದ್ರಸ್ವಾಮಿ ಯಾರು? ತಾಲ್ಲೂಕಲ್ಲೆಲ್ಲ ಜಾಸ್ತಿ ಕಾಯಿಲೆ ಇರೋದು ಅವರಿಗೇ ಅಂತ ಕಂಪ್ಯೂಟರ್ ಹೇಳಿದೆ. ಬೆಂಗಳೂರಿಗೆ ಕರ್ಕೊಂಡು ಹೋಗ್ಬೇಕು. ಊಟ, ಔಷಧಿ ಎಲ್ಲಾ ಫ್ರೀ.”

“ನಾ ಆವತ್ತು ಓಗೇ ಇರ್ನಿಲ್ವಲ್ಲಪ್ಪಾ!” ಎಂದು ರುದ್ರಸ್ವಾಮಿ ಬಾಯಿಬಿಟ್ಟ.

“ಅದ್ಯಾವ ಮಾತು?” ಸೋಮಮ್ಮ ಮುಂದೆ ಬಂದಳು. “ನಿನ್ನ ಮೊಕ ನೋಡ್ದೆ ಎಸ್ರ ಇಡ್ದ ಮಿಸ್ನು, ಮೈ ನೋಡ್ದೆ ಕಾಯ್ಲೆ ಕಂಡಿಡೀನಾರ್ದಾ?”

ಊರು ಹೌದಲ್ಲ ಎಂದಿತು. ದೊಡ್ಡಬಸಮ್ಮ ಗೋಳೋ ಎಂದು ಅತ್ತಳು. ಬ್ರೆಡ್ಡು, ಮೂಸಂಬಿ ಬಂದು ಜೀಪು ತುಂಬಿತು. ಸಾಲದ್ದಕ್ಕೆ ತನ್ನ ಮನೆಯ ಹಾರ್ಲಿಕ್ಸ್ ಬಾಟಲಿಯೂ ವೀರಮ್ಮನ ಕೈಯಿಂದ ಆ ಜೀಪಿಗೆ ಹೋದದ್ದನ್ನು ಕಂಡಾಗ ಶಿವನಂಜಯ್ಯನಿಗೆ ತಡೆಯಲಾಗಲಿಲ್ಲ.

“ಅವು ನನ್ ಕಾಯ್ಲೆ ಕಣ್ರಪ್ಪೋ!” ಎಂದು ಜೀಪಿನ ಮುಂದೆ ನಿಂತು ಕೂಗಿದ. “ಸಕ್ರೆ ನಂದು, ಮೂಲವ್ಯಾಧಿ ನಂದು, ಒಂದೊಂದೂ ನಂದೇ! ಅವತ್ತು ಅವುನ್ ಎಸ್ರಲ್ಲಿ ಕೂತಿದ್ದೋನು ನಾನು!”

ಸೋಮಮ್ಮ ಸೊಂಟಕ್ಕೆ ಕೈಯಿಟ್ಟಳು. “ನೋಡ್ರವ್ವಾ, ನೋಡಿ! ಮೊದ್ಲು ಅವುನ್ ಎಂಡ್ತೀನ ನಂದು ಅಂದ. ಈಗ ಕಾಯ್ಲೇನೂ ನಂದು ಅಂತಾವ್ನೆ. ಪಾಪದೋನ್ಗೆ ಏನೂ ಉಳ್ಸೋದಿಲ್ವಲ್ಲ ಇವ್ನು!”

ವೀರಮ್ಮ ಗಂಡನ ರಟ್ಟೆ ಹಿಡಿದು ದಾರಿಯಿಂದ ಎಳೆದುಕೊಂಡಳು. ಜೀಪು ಹೋಯಿತು.

ರುದ್ರಸ್ವಾಮಿ ವಾರದ ಮೇಲೆ ಮರಳಿದ. ದೊಡ್ಡ ಡಾಕ್ಟರುಗಳು ತಲೆಯಿಂದ ಕಾಲಿನವರೆಗೆ ಹುಡುಕಿದರೂ ಒಂದು ಕಾಯಿಲೆಯೂ ಸಿಕ್ಕಲಿಲ್ಲವಂತೆ. ಊರು ಅದನ್ನು ಹಾಗೆ ಕೇಳಿಸಿಕೊಳ್ಳಲಿಲ್ಲ. ತಾಲ್ಲೂಕಿನಲ್ಲೇ ಜಾಸ್ತಿ ಕಾಯಿಲೆಯವನು ಎಲ್ಲವನ್ನೂ ವಾಸಿ ಮಾಡಿಕೊಂಡು ಬಂದ ಎಂದು ಕೇಳಿಸಿಕೊಂಡಿತು. ನಾಲ್ಕು ದಿನದಲ್ಲಿ ರುದ್ರಸ್ವಾಮಿಗೂ ಹಾಗೆಯೇ ಅನ್ನಿಸತೊಡಗಿತು. ಅವನ ಜಗುಲಿಯ ಮುಂದೆ ಯಳಂದೂರಿನ ಕಡೆಯಿಂದಲೂ ಕಾಯಿಲೆಯವರ ಗಾಡಿಗಳು ಬಂದು ನಿಲ್ಲತೊಡಗಿದವು.

“ಏಳಿ,” ಎಂದಳು ವೀರಮ್ಮ ಒಂದು ಬೆಳಿಗ್ಗೆ. “ನಿಮ್ಗಿರೋ ಕಾಯ್ಲೆಗಳೇ ಒಂದೂ ಬುಡ್ದಂಗೆ ಅವರ್ಗೂ ಇದ್ವಂತೆ. ಎಂಗೆ ವಾಸಿ ಆಯ್ತು ಅಂತ ಕೇಳ್ಕ ಬನ್ನಿ.”

ಶಿವನಂಜಯ್ಯ ಹೋಗಲಾರೆ ಎಂದ. ವೀರಮ್ಮ ಮೂಸಂಬಿಯ ಚೀಲ ಕೈಗೆ ಕೊಟ್ಟು, ತಾನೇ ಹಿಂದೆ ನಿಂತು ನಡೆಸಿಕೊಂಡು ಹೋದಳು. ತುಂಬಿದ ಜಗುಲಿಯ ತುದಿಯಲ್ಲಿ ಅವನಿಗೆ ಒಂದಿಷ್ಟು ಜಾಗ ಸಿಕ್ಕಿತು. ರುದ್ರಸ್ವಾಮಿ ಮೂಸಂಬಿ ತೆಗೆದಿಟ್ಟುಕೊಂಡು, ಅವನ ನಾಡಿ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತಿನ ಮೇಲೆ ಮರುಕದಿಂದ ಹೇಳಿದ:

“ನಿಂಗಿರೋವು ಚಿಲ್ರೆ ಕಾಯ್ಲೆ ಕಣ್ಲಾ ಶಿವನಂಜ. ನಂಗಿದ್ದವು ನಿಂಗ್ ಬಂದಿದ್ರೆ ನೀ ಒಂದಿನಾನೂ ತಡೀತಿರ್ನಿಲ್ಲ.”

ಜಗುಲಿಯವರೆಲ್ಲ ಹೌದೆಂದು ತಲೆದೂಗಿದರು. ಎಲ್ಲರಿಗಿಂತ ಜೋರಾಗಿ ತೂಗಿದವಳು ವೀರಮ್ಮ.